ಉಪ್ಪಿನಕಾಯಿ ಅಂತ ಬರೀಬೇಕಂತೆ!

5 ಲೀಟರ್ ಕಾಳುಮೆಣಸಿನ ಎಣ್ಣೆ ಜರ್ಮನಿಗೆ ಹೋಗಬೇಕಿತ್ತು. ಹೋಗಿದ್ದು ಬೆಂಗಳೂರು ಏರ್‌ಪೋರ್ಟ್ ತನಕ. ಅಲ್ಲಿಂದ ತಿರುಗಿ ಬಂದು ಈಗ ತೀರ್ಥಹಳ್ಳಿ ಹತ್ತಿರದ ನಮ್ಮನೆ ಜಗಲಿ ಮೇಲೆ ಕೂತಿದೆ. ಎಣ್ಣೆ ಚೆನ್ನಾಗಿಯೇ ಇದೆ, ಬಾಟ್ಲಿ ಸೋರಿಲ್ಲ, ತಗೊಳ್ಳೋರು ದುಡ್ಡಿನ ತಕರಾರು ಎತ್ತಿಲ್ಲ. ಡಬ್ಬದ ಮೇಲಿನ ಚೀಟಿ ತಪ್ಪು. ಬರೀ ಚೀಟಿ!

ಒಂದು ಕ್ವಿಂಟಾಲ್ ಮೆಣಸು ಭಟ್ಟಿಗೆ ಹಾಕಿದ್ರೆ ಇಳಿಯೋದು ಎರಡು ಚಿಲ್ಲರೆ ಲೀಟರ್. ಅಡಿಕೆ ಮರಕ್ಕೆ ಏಣಿ ಇಟ್ಟು ಕೊಯ್ಯಿಸಿ, ಮೋಡ ಕಂಡಾಗೆಲ್ಲ ಅಂಗಳದಿಂದ ಬಾಚಿ ಒಳಗೆ ಹಾಕಿ, ಬಿಸಿಲು ಬಂದಾಗ ಮತ್ತೆ ಹರವಿ, ಕೊನೆಗೆ ರಾತ್ರಿಯಿಡೀ ಭಟ್ಟಿ ಕಾದು ತೆಗೆದ ಎಣ್ಣೆ ಅದು. ಇಷ್ಟೆಲ್ಲ ಮಾಡಿದವನಿಗೆ ಒಂದು ಸ್ಟಿಕ್ಕರ್ ನೆಟ್ಟಗೆ ಅಂಟಿಸೋರು ಸಿಗಲಿಲ್ಲ.

ನಮ್ಮ ಎಣ್ಣೆಯ ಫ್ಲ್ಯಾಶ್ ಪಾಯಿಂಟ್ 52 ಡಿಗ್ರಿ ಅಂತ ಲ್ಯಾಬ್ ರಿಪೋರ್ಟ್ ಇದೆ. ಅಂದ್ರೆ ಅಷ್ಟು ಬಿಸಿಯಾದಾಗ ಅದರ ಆವಿಗೆ ಕಿಡಿ ತಾಗಿದ್ರೆ ಭಗ್ ಅನ್ನುತ್ತೆ. 60 ಡಿಗ್ರಿ ಒಳಗೆ ಹಾಗಾಗೋ ದ್ರವ ವಿಮಾನ, ಹಡಗು ಎರಡರ ಲೆಕ್ಕದಲ್ಲೂ 3ನೇ ಕ್ಲಾಸು, ಉರಿಯುವ ದ್ರವ. ನಾನೇನು ಮುಚ್ಚಿಟ್ಟಿಲ್ಲ. ಸೇಫ್ಟಿ ಡೇಟಾ ಶೀಟ್, ಅಂದ್ರೆ ಸರಕಿನ ಅಪಾಯದ ವಿವರ ಇರೋ ಕಾಗದ ಕೊಟ್ಟಿದ್ದೆ. ಅದರಲ್ಲಿ ಇರೋದೇ 16 ಭಾಗ, ಸಾಗಣೆ ವಿಷಯಕ್ಕೆ ಅಂತಲೇ 14ನೇ ಭಾಗ. ಅಲ್ಲಿ ದಪ್ಪ ಅಕ್ಷರದಲ್ಲಿ ಇದೆ: ಯುಎನ್ 1197 (ಅಪಾಯದ ಸರಕಿಗೆ ವಿಶ್ವಸಂಸ್ಥೆ ಇಟ್ಟ ನಂಬರ್), ಕ್ಲಾಸ್ 3, ಪ್ಯಾಕಿಂಗ್ ಗ್ರೂಪ್ 3 (ಅಪಾಯ ಕಮ್ಮಿ ಇರೋ ಗುಂಪು). ಸರಕು ಪ್ಯಾಕ್ ಮಾಡಿ ಕಳಿಸಿಕೊಡೋ ಏಜೆಂಟ್ ಮಹಾಶಯ ಅದನ್ನು ನೋಡಿ ಬರೆದಿದ್ರೆ ಸಾಕಿತ್ತು. ಇವನು ಬರೆದಿದ್ದು 1169.

1169 ಅನ್ನೋ ನಂಬರ್ ಈಗ ಇಲ್ಲವೇ ಇಲ್ಲ ಮಾರಾಯ್ರೆ. ಮೊದಲು ಪರಿಮಳದ ಸಾರಕ್ಕೆ 1169, ರುಚಿಯ ಸಾರಕ್ಕೆ 1197 ಅಂತ ಬೇರೆ ಬೇರೆ ಇತ್ತು. ಅವೆರಡನ್ನೂ 1197ರಲ್ಲೇ ಸೇರಿಸಿ 1169 ಕಿತ್ತು ಹಾಕಿದ್ದಾರೆ. ವಿಮಾನದ ನಿಯಮದ ಪುಸ್ತಕ ಪ್ರತಿ ಜನವರಿ 1ಕ್ಕೆ ಹೊಸದು ಬರುತ್ತೆ. ನಮ್ಮ ಏಜೆಂಟ್ ಹತ್ತಿರ ಇರೋದು ಯಾವ ಕಾಲದ್ದೋ, ಬಹುಶಃ ಅದರಲ್ಲಿ ಇಲಿ ಮರಿ ಹಾಕಿದೆ. ಈ ಕೆಲಸ ಮಾಡೋರು 2 ವರ್ಷಕ್ಕೊಮ್ಮೆ ಮತ್ತೆ ತರಬೇತಿ ತಗೋಬೇಕು. ಸರ್ಟಿಫಿಕೇಟ್ ಗೋಡೆಗೆ ಫ್ರೇಮ್ ಹಾಕಿ ತೂಗು ಹಾಕಿದ್ದ, ನಾನೇ ನೋಡಿದೀನಿ.

ವಾಟ್ಸಾಪಲ್ಲಿ ಡಬ್ಬದ ಫೋಟೋ ಬಂತು. ಬೆಂಕಿ ಜ್ವಾಲೆಯ ಕೆಂಪು ಲೇಬಲ್ಲನ್ನು ಡಬ್ಬದ ಅಂಚಿಗೆ ಮಡಚಿ, ಅರ್ಧ ಈ ಕಡೆ ಅರ್ಧ ಆ ಕಡೆ ಹೊಡೆದಿದ್ದಾನೆ. ಒಂದೇ ಮುಖದ ಮೇಲೆ ಪೂರ್ತಿ ಕಾಣಬೇಕು ಅನ್ನೋದು ಮೊದಲನೇ ಪಾಠ. ಕೆಳಮೂಲೆಯ 3 ಅನ್ನೋ ಅಂಕಿ ಕಂದು ಟೇಪಿನ ಅಡಿಗೆ ಹೋಗಿದೆ. ಬಾಟ್ಲಿ ನೆಟ್ಟಗಿರಲಿ ಅಂತ ಎದುರುಬದುರು ಎರಡು ಮುಖಕ್ಕೆ ಬಾಣದ ಗುರುತು ಹಾಕಬೇಕಲ್ಲ, ಒಂದೇ ಕಡೆ ಹಾಕಿದ್ದಾನೆ, ಅದೂ ಅಡ್ಡ. ಏರ್‌ಲೈನ್‌ನವರ ಚೆಕ್‌ಲಿಸ್ಟಲ್ಲಿ ಒಂದು ಟಿಕ್ ತಪ್ಪಿದ್ರೂ ಸರಕು ವಾಪಸ್. ಅವರು ಮಾಡಿದ್ದು ಸರಿಯೇ, ಅವರಿಗೆ ನಾನು ಬೈಯಲ್ಲ. ಆದ್ರೆ ಸರಕಿನ ಡಿಕ್ಲರೇಶನ್ನಲ್ಲಿ ಶಿಪ್ಪರ್, ಅಂದ್ರೆ ಕಳಿಸೋನು ಅಂತ ಇರೋದು ನನ್ನ ಹೆಸರು. ತಪ್ಪು ಯಾರದ್ದೇ ಆಗಲಿ, ಕೇಳೋದು ನನ್ನನ್ನ.

ಹೋಗಲಿ, ಹೊಸ ಲೇಬಲ್ ಕಳಿಸು, ನಾನೇ ಅಂಟಿಸ್ತೀನಿ ಅಂದೆ. ಕಳಿಸಿದ. ಇಂಕ್‌ಜೆಟ್ಟಲ್ಲಿ ಮಾಮೂಲಿ ಕಾಗದದ ಮೇಲೆ ಹೊಡೆದದ್ದು. ಆಷಾಢದ ಮಳೆ, ಕೊರಿಯರ್ ಹುಡುಗ ಗೇಟಿಂದ ಜಗಲಿಗೆ ಓಡಿ ಬರೋದರೊಳಗೆ ಕವರ್ ಒದ್ದೆ. ತೆಗೆದು ನೋಡಿದ್ರೆ ಜ್ವಾಲೆ ಎಲ್ಲ ಇಳಿದು ಕುಂಕುಮದ ನೀರು. ಅಮ್ಮ ಬಂದು "ಏನೋ ಇದು, ಆರತಿಗೆ ಕಲಸಿದ್ದಾ?" ಅಂದ್ರು. ಹಡಗಿನಲ್ಲಿ ಹೋಗೋ ಅಪಾಯದ ಸರಕಿನ ಲೇಬಲ್ಲು 3 ತಿಂಗಳು ಸಮುದ್ರದಲ್ಲಿ ಮುಳುಗಿದ್ರೂ ಗುರುತು ಸಿಗಬೇಕು ಅಂತ ನಿಯಮ. ಇದು ನಮ್ಮ ಅಂಗಳ ದಾಟಲಿಲ್ಲ.

ಇಷ್ಟಕ್ಕೇ ನನ್ನ ತಲೆ ಕೆಟ್ಟಿದ್ದಲ್ಲ. ಮಧ್ಯೆ ಒಂದು ದಿನ ಶಿವಮೊಗ್ಗದ ಕೊರಿಯರ್ ಅಂಗಡಿಯೊಂದರಲ್ಲಿ ವಿಚಾರಿಸಿದೆ. ಕೌಂಟರಿನ ಹುಡುಗ ಪೂರ್ತಿ ಕೇಳಲೇ ಇಲ್ಲ. "ಅಯ್ಯೋ ಬಿಡಿ ಅಣ್ಣ, ಪೆಪ್ಪರ್ ಆಯಿಲ್ ಅಂತ ಬರೆದಿದ್ದೇ ನಿಮ್ ತಪ್ಪು. ಉಪ್ಪಿನಕಾಯಿ ಅಂತ ಹಾಕಿ. ಮಲೆನಾಡಿಂದ ಅಂದ್ರೆ ಯಾರೂ ಕೇಳಲ್ಲ." ಪಕ್ಕದಲ್ಲಿ ನಿಂತಿದ್ದವರು ಹೌದೌದು ಅಂತ ತಲೆ ಆಡಿಸಿದ್ರು. ಒಬ್ಬರಂತೂ ಮಗಳಿಗೆ ಪವರ್ ಬ್ಯಾಂಕ್ ಕಳಿಸಿದ್ದೂ ಅಪ್ಪೆಮಿಡಿ ಹೆಸರಲ್ಲೇ ಅಂತ ಹೆಮ್ಮೆಯಿಂದ ಹೇಳಿಕೊಂಡ್ರು. ಲಿಥಿಯಂ ಬ್ಯಾಟರಿ, ಮಿಡಿ ಉಪ್ಪಿನಕಾಯಿ! ನಮ್ಮ ಅಜ್ಜಿ ಜೀರಿಗೆ ಅಪ್ಪೆಯನ್ನ ಭರಣಿಗೆ ತುಂಬುವಾಗ ಹೊರಗಿನವರ ನೆರಳು ಬೀಳದ ಹಾಗೆ ನೋಡಿಕೊಳ್ತಿದ್ರು. ಅದರ ಹೆಸರು ಈಗ ಕಳ್ಳ ಸರಕಿನ ಮುಸುಕು.

ಅಲ್ಲ, ಶಿವಮೊಗ್ಗದಲ್ಲಿ ನಿಂತು ಈ ಮಾತು ಆಡ್ತಾರಲ್ಲ. 2021ರ ಜನವರಿ 21ರ ರಾತ್ರಿ ಹುಣಸೋಡಿನಲ್ಲಿ ಸಿಡಿಮದ್ದು ಸಿಡಿದಾಗ ಭೂಕಂಪ ಅಂತ ಬೀದಿಗೆ ಓಡಿ ಬಂದವರು ಇವರೇ ತಾನೆ? 1996ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ವ್ಯಾಲ್ಯೂಜೆಟ್ ವಿಮಾನ ಬಿದ್ದಿದ್ದೂ ಇಂಥ ಬರವಣಿಗೆಯಿಂದಲೇ. ಆಮ್ಲಜನಕ ಕೊಡೋ ಆಕ್ಸಿಜನ್ ಜನರೇಟರುಗಳನ್ನು 'ಖಾಲಿ' ಅಂತ ಬರೆದು ವಿಮಾನದ ಹೊಟ್ಟೆಯೊಳಗೆ ತುಂಬಿದ್ರು. ಖಾಲಿ ಇರಲಿಲ್ಲ, ಬೆಂಕಿ ಹತ್ತಿತು. ವಿಮಾನದಲ್ಲಿದ್ದ 110 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಇದನ್ನ ಆ ಹುಡುಗನಿಗೆ ಹೇಳಿದೆ. "ನಿಮ್ದು ಬರೀ ಮೆಣಸಲ್ವಾ ಅಣ್ಣ" ಅಂದ.

ಈಗ ಅಪಾಯದ ಸರಕಿಗೆ ಅಂತಲೇ ಇರೋ ಯುಎನ್ ಗುರುತಿನ ಹೊಸ ಡಬ್ಬ ಬೆಂಗಳೂರಿಂದ ತರಿಸಬೇಕು, ಇಲ್ಲೆಲ್ಲೂ ಸಿಗಲ್ಲ. ಹಳೇ ಡಬ್ಬದ ಟೇಪು ಕಿತ್ತಾಗ ಮೇಲ್ಪದರವೇ ಎದ್ದು ಬಂತು. ಜರ್ಮನಿಯವರು ಇನ್ನೂ ಮರ್ಯಾದೆಯಿಂದಲೇ ಮೇಲ್ ಬರೀತಿದ್ದಾರೆ, ಎಷ್ಟು ದಿನವೋ. ಇವತ್ತು ಬೆಳಿಗ್ಗೆ ಏಜೆಂಟ್ ಬಿಲ್ ಕಳಿಸಿದ್ದಾನೆ. ಲೇಬಲಿಂಗ್ ಚಾರ್ಜ್ ಒಂದು ಸಾಲು. ಅದರ ಕೆಳಗೆ ರೀ-ಲೇಬಲಿಂಗ್ ಚಾರ್ಜ್ ಇನ್ನೊಂದು ಸಾಲು, ಮೊದಲಿನದಕ್ಕಿಂತ ಜಾಸ್ತಿ. ಆ ಕುಂಕುಮದ ನೀರಿಗೆ! ಒಂದು ರೂಪಾಯಿ ಕೊಡಲ್ಲ, ಏನು ಮಾಡ್ಕೋತಾನೋ ಮಾಡ್ಕೊಳ್ಲಿ.