‘ಮಲಯಾಳಂ ಪಿಕ್ಚರ್’ ಅಂದರೆ ಅಷ್ಟೇನಾ?

ನಮ್ಮೂರ ಬಸ್‌ಸ್ಟ್ಯಾಂಡ್ ಹಿಂದೆ ಒಂದು ಟಾಕೀಸ್ ಇತ್ತು. ಗೋಡೆಗೆ ದೊಡ್ಡ ‘ಎ’ ಇರೋ ಪೋಸ್ಟರ್ ಬಿತ್ತು ಅಂದರೆ ಹೆಂಗಸರು ಆ ರಸ್ತೆಯಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದರು. "ಮಲಯಾಳಂ ಪಿಕ್ಚರ್ ಬಂದಿದೆ" ಅಂದರೆ ಸಾಕು, ಹುಡುಗರಿಗೆಲ್ಲ ಅರ್ಥವಾಗುತ್ತಿತ್ತು. ಒಂದು ಭಾಷೆಯ ಹೆಸರೇ ಬೈಗುಳದ ಹಾಗೆ ಆಗಿಹೋಗಿತ್ತು.

ಇದು ನನಗೆ ಇವತ್ತಿಗೂ ಬೇಜಾರು. ಯಾಕಂದರೆ ಆ ಹಣೆಪಟ್ಟಿ ಹೊತ್ತವುಗಳಲ್ಲಿ ‘ಅವಳುಡೆ ರಾವುಗಳ್’ (ಅಂದರೆ ‘ಅವಳ ರಾತ್ರಿಗಳು’) ಕೂಡ ಒಂದು. 1978ರ ಚಿತ್ರ, ನಿರ್ದೇಶನ ಐ.ವಿ. ಶಶಿ. ರಾಜಿ ಅನ್ನೋ ಹುಡುಗಿ, ಹೆತ್ತವರಿಲ್ಲ, ತಮ್ಮನನ್ನು ಸಾಕಬೇಕು. ಅದಕ್ಕೆ ರಾತ್ರಿ ಮೈ ಮಾರುತ್ತಾಳೆ. ಆ ಪಾತ್ರ ಮಾಡಿದ ಸೀಮಾ ಅದಕ್ಕೂ ಮೊದಲು ಸಿನಿಮಾ ಹಾಡುಗಳಲ್ಲಿ ಗುಂಪಿನಲ್ಲಿ ಕುಣಿಯುತ್ತಿದ್ದವರು. ಮುಂದೆ ಎರಡು ಸಲ ಕೇರಳ ರಾಜ್ಯ ಪ್ರಶಸ್ತಿ ತಗೊಂಡರು. ಆದರೆ ಜನರ ನೆನಪಲ್ಲಿ ಉಳಿದಿದ್ದು ಬರೀ ಶರ್ಟ್ ತೊಟ್ಟ ಆ ಒಂದು ಪೋಸ್ಟರ್. ಹಿಂದಿಗೆ ಡಬ್ ಆದಾಗ ಹೆಸರೇ ‘ಹರ್ ನೈಟ್ಸ್’!

ಇಂಥ ಚಿತ್ರಗಳ ಮಧ್ಯೆ ಕೆಲವು ಟಾಕೀಸ್‌ನವರು ‘ಬಿಟ್’ ಬೇರೆ ಸೇರಿಸುತ್ತಿದ್ದರು. ಸೆನ್ಸಾರ್ ಕಣ್ಣಿಗೇ ಬೀಳದ, ಕಥೆಗೆ ಸಂಬಂಧವೇ ಇಲ್ಲದ ರೀಲಿನ ತುಂಡು. ಅದು ಬಂದು ಹೋಯಿತು ಅಂದರೆ ಕುರ್ಚಿಗಳು ಖಾಲಿ. ಆಮೇಲೆ ನಾಯಕಿ ಬದುಕಿದಳೋ ಸತ್ತಳೋ, ಯಾರಿಗೆ ಬೇಕು?

2000ದಲ್ಲಿ ‘ಕಿನ್ನಾರತುಂಬಿಗಳ್’ ಗೆದ್ದ ಮೇಲೆ ಅದರ ನಟಿ ಶಕೀಲಾ ಹೆಸರಲ್ಲಿ ಸಾಲುಸಾಲು ಚಿತ್ರ ಬಂದವು. ಅವುಗಳಲ್ಲಿ ಹೆಚ್ಚಿನವಕ್ಕೆ ಕಥೆ ಸುಮ್ನೆ ನೆಪ. ಅವನ್ನು ನಾನು ಹೊಗಳೋದಿಲ್ಲ. ಆದರೆ ಎಲ್ಲವನ್ನೂ ಒಂದೇ ಗಂಟಲ್ಲಿ ಕಟ್ಟಿ ಎಸೆಯೋದು ಅನ್ಯಾಯ ಅಲ್ವಾ? ರಾಜಿಯ ಕಥೆಯನ್ನು ಇಷ್ಟು ವರ್ಷದ ಮೇಲೂ ಜನ ಹುಡುಕಿ ನೋಡುವುದು ಮೈ ನೋಡೋಕಲ್ಲ. ಅದಕ್ಕೆ ಈಗ ಮೊಬೈಲ್ ಸಾಕು. ರಾತ್ರಿ ಕಳೆದ ಮೇಲೆ ಅವಳಿಗೊಂದು ಹಗಲೂ ಇದೆ ಅಂತ ಆ ಚಿತ್ರ ತೋರಿಸುತ್ತದೆ. ನನ್ನನ್ನು ಹಿಡಿದು ಕೂರಿಸಿದ್ದು ಅದೇ.

ಕಳೆದ ವರ್ಷ ಮನೆಯಲ್ಲಿ ನೋಡುತ್ತಿದ್ದೆ. ‘ರಾಕೇಂದು ಕಿರಣಂಙಳ್’ ಹಾಡು ಶುರುವಾಯಿತು. ಅಮ್ಮ ಸೊಪ್ಪು ಬಿಡಿಸುತ್ತಿದ್ದವರು ತಲೆ ಎತ್ತಿದರು. "ಇದು ಜಾನಕಮ್ಮನ ದನಿ ಅಲ್ವೇನೋ?" ಹೌದಮ್ಮ, ಎಸ್. ಜಾನಕಿನೇ ಅಂದೆ. ಚಿತ್ರದ ಹೆಸರು ಹೇಳೋಕೆ ಬಾಯಿ ಬರಲಿಲ್ಲ. ಆ ಟಾಕೀಸಿನ ಮುಂದೆ ನನ್ನ ಕೈ ಹಿಡಿದು ಬಿರಬಿರನೆ ದಾಟಿಸುತ್ತಿದ್ದವರು ಅವರೇ.

ಹಾಡು ಮುಗಿಯಿತು. ಅಮ್ಮ ಎದ್ದು ಹೋಗಲಿಲ್ಲ. ಸೊಪ್ಪಿನ ಮೊರ ಪಕ್ಕಕ್ಕಿಟ್ಟು ಕೇಳಿದರು, "ಪಾಪ, ಈ ಹುಡುಗಿಗೆ ಯಾರೂ ಇಲ್ವಾ?"