ಟೀವಿಯ ಬೆನ್ನು ನೋಡಿದ್ದೀರಾ?

ಹಾಲ್‌ನ ಟೀವಿಗೆ ಸ್ಟ್ರೀಮಿಂಗ್ ಸ್ಟಿಕ್ಕೋ ಗೇಮ್ ಕನ್ಸೋಲೋ, ಅಂತೂ ಒಂದು ಡಬ್ಬಿ ತರೋಣ ಎಂಬ ಮಾತು ಮನೆಯಲ್ಲಿ ಎದ್ದರೆ ಅಪ್ಪನಿಗೆ ಕ್ರಿಕೆಟ್ ಕಾಣುತ್ತದೆ, ಅಮ್ಮನಿಗೆ ತಪ್ಪಿಹೋದ ಎಪಿಸೋಡು, ಮಗನಿಗೆ ಗೇಮು. ಡಬ್ಬಿ ಒಂದು, ಹರಕೆ ಮೂರು. ಆಮೇಲೆ ಮೂವರೂ ಮೊಬೈಲು ಹಿಡಿದು ಡಬ್ಬಿಗಳ ಮುಖ ನೋಡುತ್ತಾ ಕೂರುತ್ತಾರೆ. ಇದು ಗಂಡಿನ ಫೋಟೊ ನೋಡಿ ಛತ್ರ ಬುಕ್ ಮಾಡಿದ ಹಾಗೆ. ನೋಡಬೇಕಾದದ್ದು ನಿಮ್ಮದೇ ಟೀವಿಯ ಬೆನ್ನು. ಯಾವ ಡಬ್ಬಿ ನಿಮ್ಮ ಮನೆಗೆ ಬರಬೇಕು ಎಂಬುದನ್ನು ಮುಕ್ಕಾಲು ಪಾಲು ಅದು ಆಗಲೇ ತೀರ್ಮಾನಿಸಿ ಕೂತಿರುತ್ತದೆ.

ಟೀವಿ ಗೋಡೆಯ ಮೇಲಿದ್ದರೆ ತಲೆ ತೂರಿಸಲು ಹೋಗಬೇಡಿ. ಟಾರ್ಚ್ ಹಾಕಿದ ಮೊಬೈಲನ್ನು ವಿಡಿಯೊ ಮೋಡಿನಲ್ಲಿಟ್ಟು ಮೆಲ್ಲಗೆ ಹಿಂದಕ್ಕೆ ತಳ್ಳಿ, ಒಂದು ಸುತ್ತು ತಂದು, ಆಮೇಲೆ ಕೂತು ನೋಡಿ. ಮೊದಲು ಜೇಡರ ಬಲೆ ಬರುತ್ತದೆ. ನಂತರ ಹಲ್ಲಿ, ಅದು ಆ ಜಾಗದ ಹಳೆಯ ಬಾಡಿಗೆದಾರ. ಅದರ ಬಾಲದಾಚೆಗೆ ಡಬ್ಬಿಯ ಚಿತ್ರ, ಸದ್ದು ಟೀವಿಯೊಳಗೆ ಹೋಗುವ ಬಾಯಿಗಳು, ಅಂದರೆ ಎಚ್‌ಡಿಎಂಐ ಪೋರ್ಟುಗಳು. ಎಷ್ಟಿವೆ, ಯಾವುದರಲ್ಲಿ ಏನು ಸಿಕ್ಕಿಸಿದೆ, ಪಕ್ಕದಲ್ಲಿ ಏನು ಬರೆದಿದೆ ಎಂಬ ಮೂರು ಉತ್ತರ ಸಿಗುವವರೆಗೆ ಅಂಗಡಿಗೆ ಹೋಗಬೇಡಿ.

ಪೋರ್ಟುಗಳೆಲ್ಲ ನೋಡಲು ಒಂದೇ ಥರ ಇದ್ದರೂ ಒಂದೇ ಅಲ್ಲ. ಎಚ್‌ಡಿಎಂಐ 1.4 ಆದರೆ ಫೋರ್‌ಕೆ ಚಿತ್ರ (ಫುಲ್ ಎಚ್‌ಡಿಗಿಂತ ಸ್ಪಷ್ಟವಾದದ್ದು) ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತದೆ. ಸಿನಿಮಾಗೆ ಸಾಕು, ಗೇಮಿಗೆ ಸಾಲದು. 2.0 ಆದರೆ ಸೆಕೆಂಡಿಗೆ 18 ಗಿಗಾಬಿಟ್ ದಾಟುವ ದಾರಿ, 60 ಸಲ. 2.1ಕ್ಕೆ 48 ಗಿಗಾಬಿಟ್‌ವರೆಗೂ ಹೆದ್ದಾರಿ, 120 ಸಲ. ನಾಲ್ಕು ಪೋರ್ಟಿರುವ ಎಷ್ಟೋ ಟೀವಿಗಳಲ್ಲಿ ಈ ಹೆದ್ದಾರಿ ಎರಡಕ್ಕೆ ಮಾತ್ರ, ಅದರಲ್ಲೊಂದು ಇ-ಆರ್ಕ್ ಎಂದು ಬರೆದದ್ದು, ಟೀವಿಯ ಸದ್ದು ಹೊರಗೆ ಹೋಗುವ ದಾರಿ. ಸೌಂಡ್‌ಬಾರ್ ಕೂರಬೇಕಾದದ್ದೂ ಅಲ್ಲೇ. ಮದುವೆಮನೆಯ ಮೊದಲ ಸಾಲಿನಂತೆ, ಒಳ್ಳೆಯ ಕುರ್ಚಿಯಲ್ಲಿ ಯಾರೋ ಆಗಲೇ ಕರ್ಚೀಫು ಹಾಕಿರುತ್ತಾರೆ.

ಮುಂದಿನದು ಗೋಡೆಗೂ ಟೀವಿಗೂ ನಡುವಿನ ಸಂದು. ಪೋರ್ಟಿಗೇ ನೇರ ಚುಚ್ಚುವ ಅಮೆಜಾನಿನ ಫೈರ್ ಟೀವಿ ಸ್ಟಿಕ್ ಫೋರ್‌ಕೆ ಸುಮಾರು 10 ಸೆಂಟಿಮೀಟರ್ ಉದ್ದ. ಪೋರ್ಟು ಗೋಡೆಯ ಕಡೆಗೆ ಮುಖ ಮಾಡಿದ್ದು, ಸಂದಿನಲ್ಲಿ ಎರಡೇ ಬೆರಳು ಹಿಡಿಯುತ್ತದೆ ಅಂದರೆ ಸ್ಟಿಕ್ ಒಳಗೆ ಹೋಗುವ ಪ್ರಶ್ನೆಯೇ ಇಲ್ಲ. ಆಗ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೆ ಓಡಿ ಎಲ್ ಆಕಾರದ ಅಡಾಪ್ಟರ್ ತರುವುದು ವಾಡಿಕೆ. ಅದರಲ್ಲೂ ಎರಡು ಜಾತಿಯಿದೆ: 90 ಡಿಗ್ರಿ, 270 ಡಿಗ್ರಿ. ಎಚ್‌ಡಿಎಂಐ ಮೂತಿಗೆ ಒಂದು ಅಂಚು ಅಗಲ, ಇನ್ನೊಂದು ಕಿರಿದು. ಆದ್ದರಿಂದ ಒಂದು ಜಾತಿ ಕೆಳಕ್ಕೆ ತಿರುಗಿದರೆ ಇನ್ನೊಂದು ಮೇಲಕ್ಕೆ ತಿರುಗಿ ಪಕ್ಕದ ಪೋರ್ಟಿನ ಬಾಯಿ ಮುಚ್ಚುತ್ತದೆ. ಮೊದಲು ತಂದದ್ದು ತಪ್ಪು ಜಾತಿಯೇ ಆಗಿರುತ್ತದೆ ಎಂಬುದು ವಿಜ್ಞಾನಕ್ಕೆ ಇನ್ನೂ ಸಿಗದ ನಿಯಮ.

ಇಷ್ಟಕ್ಕೂ ಓಡುವ ಅಗತ್ಯವೇ ಇರಲಿಲ್ಲ. ಸ್ಟಿಕ್ಕಿನ ಪೊಟ್ಟಣದಲ್ಲೇ ಗೇಣುದ್ದದ ಒಂದು ಕರಿ ಎಕ್ಸ್‌ಟೆಂಡರ್ ವಯರು ಇರುತ್ತದೆ. ‘ಇದೇನೋ ಎಕ್ಸ್‌ಟ್ರಾ ಕೊಟ್ಟಿದ್ದಾರೆ’ ಎಂದು ಅದನ್ನು ಹಳೆ ಚಾರ್ಜರುಗಳ ಡ್ರಾಯರಿಗೆ ಹಾಕಿ ಮರೆಯುತ್ತಾರೆ. ಆ ವಯರು ಮಾಡುವ ಕೆಲಸ ಮೂರು: ಸ್ಟಿಕ್ಕನ್ನು ಇಕ್ಕಟ್ಟಿನಿಂದ ಹೊರಗೆ ಬಿಡುತ್ತದೆ, ಟೀವಿಯ ಬಿಸಿಯಿಂದ ದೂರವಿಡುತ್ತದೆ, ಲೋಹದ ಬೆನ್ನಿನ ಮರೆಯಿಂದ ಎಳೆದು ವೈಫೈಗೆ ಮುಖ ತೋರಿಸುತ್ತದೆ. ‘ನೆಟ್ ಸ್ಲೋ’ ಎಂದು ಕಂಪನಿಗೆ ಫೋನ್ ಮಾಡುವ ಮೊದಲು ಆ ಡ್ರಾಯರು ತೆಗೆಯಿರಿ.

ಕರೆಂಟಿನದು ಇನ್ನೊಂದು ಕಥೆ. ಟೀವಿಯ ಯುಎಸ್‌ಬಿ ಪೋರ್ಟು ಪಕ್ಕದಲ್ಲೇ ಇದೆಯಲ್ಲ, ಗೋಡೆಯ ಪ್ಲಗ್ ಯಾಕೆ ದಂಡ ಎಂದು ಸ್ಟಿಕ್ಕಿನ ವಯರನ್ನು ಅಲ್ಲಿಗೇ ಸಿಕ್ಕಿಸುವವರು ಬಹಳ. ಸ್ಟಿಕ್ಕಿಗೆ ಬೇಕಾದದ್ದು 5 ವೋಲ್ಟಿನಲ್ಲಿ 1 ಆಂಪ್. ಯುಎಸ್‌ಬಿ 2.0 ಪೋರ್ಟಿನ ಲೆಕ್ಕ ಅರ್ಧ ಆಂಪ್. ಮೆನುವಿನಲ್ಲಿ ಓಡಾಡುವಾಗ ಹೇಗೋ ನಡೆದುಹೋಗುತ್ತದೆ. ಫೋರ್‌ಕೆ ಸಿನಿಮಾ ಹಾಕಿದಾಗ, ಅದೂ ಕ್ಲೈಮ್ಯಾಕ್ಸಿನಲ್ಲಿ, ತಲೆ ತಿರುಗಿ ಬಿದ್ದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಇನ್ನೊಂದು ತೊಂದರೆ, ಟೀವಿ ಆರಿಸಿದರೆ ಬಹಳಷ್ಟು ಟೀವಿಗಳಲ್ಲಿ ಯುಎಸ್‌ಬಿಯೂ ಆರುತ್ತದೆ. ರಾತ್ರಿ ಆಗಬೇಕಾದ ಅಪ್‌ಡೇಟು ರಾತ್ರಿ ಆಗದೆ, ಸಂಜೆ ಎಲ್ಲರೂ ಚಕ್ಕುಲಿ ಹಿಡಿದು ಕೂತಾಗ ಆಗುತ್ತದೆ. ಜೊತೆಗೆ ಬಂದ ಅಡಾಪ್ಟರನ್ನೇ ಗೋಡೆಯ ಪ್ಲಗ್ಗಿಗೆ ಹಾಕಿ. ಸ್ಪೈಕ್ ಬಸ್ಟರಿನಲ್ಲಿ ಜಾಗವಿಲ್ಲದಿದ್ದರೆ ಸೊಳ್ಳೆ ಬತ್ತಿಯ ಮೆಷಿನ್ನು ಬೇರೆ ಕಡೆ ಹೋಗಲಿ.

ವೈಫೈ ವಿಚಾರದಲ್ಲಿ ಪ್ಲಾನಿನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಫೋರ್‌ಕೆಗೆ ನೆಟ್‌ಫ್ಲಿಕ್ಸ್ ಕೇಳುವುದೇ 15 ಎಂಬಿಪಿಎಸ್, ಫುಲ್ ಎಚ್‌ಡಿಗೆ 5. ನಿಮ್ಮದು 100ರ ಪ್ಲಾನು. ಅಡ್ಡಿ ಇರುವುದು ರೂಟರ್ ಕೂತ ಜಾಗದಲ್ಲಿ. ಫೈಬರ್ ಎಳೆಯಲು ಬಂದ ಹುಡುಗ ಎಲ್ಲಿ ಕಿಟಕಿ ಸಿಕ್ಕಿತೋ ಅಲ್ಲೇ ಮೊಳೆ ಹೊಡೆದು ಹೋಗಿರುತ್ತಾನೆ. ಅದು ಸಾಮಾನ್ಯವಾಗಿ ಹಾಲ್‌ನಿಂದ ಎರಡು ಗೋಡೆ, ಒಂದು ಗಾಡ್ರೇಜ್ ಬೀರು ದೂರ. ರೂಟರಿನ ಎರಡು ವೈಫೈಗಳಲ್ಲಿ 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆಗೆ ಸೋಲುತ್ತದೆ, 2.4 ದೂರ ಹೋಗುತ್ತದೆ, ಆದರೆ ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದವರದ್ದೆಲ್ಲ ಅದರಲ್ಲೇ ಗಲಾಟೆ. ರೂಟರ್ ಹಾಲ್‌ನಲ್ಲಿದ್ದರೆ 5, ಇಲ್ಲದಿದ್ದರೆ ಸ್ಕರ್ಟಿಂಗ್ ಉದ್ದಕ್ಕೂ ರೂಟರಿನಿಂದ ನೇರ ನೆಟ್ ತರುವ ಒಂದು ಲ್ಯಾನ್ ವಯರು.

ಇನ್ನು ಡಬ್ಬಿ. ‘ಗೇಮ್ ಆಡೋಕಾಗ್ಬೇಕು’ ಎಂದು ಮಗ ಹೇಳಿದ್ದನ್ನು ಹಾಗೇ ಅಂಗಡಿಯವನಿಗೆ ಒಪ್ಪಿಸಬೇಡಿ. ಯಾವ ಗೇಮು, ಹೆಸರು ಹೇಳು ಎಂದು ಕೇಳಿ ಚೀಟಿಯಲ್ಲಿ ಬರೆದುಕೊಳ್ಳಿ. ಹಳಿಯ ಮೇಲೆ ಓಡುವ, ಹಣ್ಣು ಕತ್ತರಿಸುವ ಥರದ್ದಾದರೆ ಸ್ಟಿಕ್ ಸಾಕು. ಕಾರಿನ ಬಾನೆಟ್ಟಿನಲ್ಲಿ ಮೋಡದ ನೆರಳು ಕಾಣುವಂಥದ್ದಾದರೆ ಕನ್ಸೋಲೇ ಆಗಬೇಕು. ನೆಂಟರ ಮೇಲೆ ಪ್ರೀತಿ, ಅಕ್ಕಿಯ ಮೇಲೆ ಆಸೆ ಎಂಬಂತೆ ಐದಾರು ಸಾವಿರದಲ್ಲಿ ಎರಡನೆಯದೂ ಆಗಲಿ ಎಂದರೆ ನಡೆಯುವುದಿಲ್ಲ.

ಸ್ಟಿಕ್ಕುಗಳ ಮೇಲೆ 8 ಜಿಬಿ ಎಂದು ಬರೆದಿದ್ದರೆ ಸಿಸ್ಟಮ್ಮಿನ ಪಾಲು ಕಳೆದು ಕೈಗೆ ಸಿಗುವುದು 5ರ ಆಸುಪಾಸು. ಆರೇಳು ಆ್ಯಪ್ ತುಂಬಿ, ಎರಡು ಗೇಮ್ ಹಾಕಿದರೆ ‘ಜಾಗವಿಲ್ಲ’ ಎನ್ನುತ್ತದೆ. ಆಗ ಸೆಟ್ಟಿಂಗ್ಸಿನಲ್ಲಿ ಆ್ಯಪ್ ಹಿಡಿದು ‘ಕ್ಲಿಯರ್ ಕ್ಯಾಶ್’ ಒತ್ತಿ ಅದು ಕೂಡಿಟ್ಟ ತಾತ್ಕಾಲಿಕ ಕಸ ತೆಗೆಯಬೇಕು. ಅದರ ಪಕ್ಕದಲ್ಲೇ ಅವಳಿ ತಮ್ಮನ ಹಾಗೆ ‘ಕ್ಲಿಯರ್ ಡೇಟಾ’ ಕೂತಿರುತ್ತದೆ. ಬೆರಳು ಅಲ್ಲಿಗೆ ಜಾರಿತೋ, ಲಾಗಿನ್ ಹೋಯಿತು. ಈಗ ರಿಮೋಟಿನ ಬಾಣದ ಗುಂಡಿಯಲ್ಲಿ ಪಾಸ್‌ವರ್ಡ್ ಬಡಿಯಬೇಕು: ದೊಡ್ಡಕ್ಷರ, ಅಂಕಿ, ಜೊತೆಗೊಂದು ಚಿಹ್ನೆ, ಒಂದೊಂದಕ್ಕೂ ಹತ್ತು ಹೆಜ್ಜೆ ಎಡಕ್ಕೆ, ಮೂರು ಹೆಜ್ಜೆ ಕೆಳಕ್ಕೆ. ಹದಿಮೂರನೆಯ ಅಕ್ಷರದಲ್ಲಿ ಅಜ್ಜಿ ‘ಏನೋ ಅದು, ಜಾತಕ ಬರೀತಿದೀಯಾ?’ ಎಂದು ಕೇಳುತ್ತಾರೆ. ಪರದೆಯ ಮೇಲೆ ಕ್ಯೂಆರ್ ಕೋಡ್ ಇದ್ದರೆ ಮೊಬೈಲಿನಿಂದ ಲಾಗಿನ್ ಮಾಡಿ, ಮಾನ ಉಳಿಸಿಕೊಳ್ಳಿ.

ಸ್ಟಿಕ್ಕಿಗೂ ಕನ್ಸೋಲಿಗೂ ನಡುವೆ ನಿಲ್ಲುವುದು ಆ್ಯಪಲ್ ಟೀವಿ ಫೋರ್‌ಕೆ; ಹೆಸರು ಟೀವಿ, ಇರುವುದು ಡಬ್ಬಿ. 2022ರ ಮಾದರಿ ಇಲ್ಲಿಗೆ ಬಂದಾಗ 64 ಜಿಬಿಗೆ 14,900 ರೂಪಾಯಿ, ಲ್ಯಾನ್ ಪೋರ್ಟಿರುವ 128 ಜಿಬಿಗೆ 16,900. ಬ್ಲೂಟೂತ್ ಕಂಟ್ರೋಲರ್ ಜೋಡಿಸಿ ಸಾಕಷ್ಟು ಗೇಮ್ ಆಡಬಹುದು, ತಡವರಿಸುವುದಿಲ್ಲ. ಆದರೆ ಪೆಟ್ಟಿಗೆಯಲ್ಲಿ ಎಚ್‌ಡಿಎಂಐ ಕೇಬಲ್ ಇರುವುದಿಲ್ಲ. ಭಾನುವಾರ ರಾತ್ರಿ ಒಂಬತ್ತಕ್ಕೆ ತೆರೆದು ನೋಡುವವರಿಗೆ ಇದು ತಿಳಿಯುತ್ತದೆ.

ಆನ್‌ಲೈನಿನಲ್ಲಿ ‘8ಕೆ, ಆಂಡ್ರಾಯ್ಡ್, 16 ಜಿಬಿ ರ್‍ಯಾಮ್’ ಎಂದು ಎರಡು ಸಾವಿರಕ್ಕೆ ಕರೆಯುವ ಅನಾಮಿಕ ಡಬ್ಬಿಗಳಿವೆ; ಅವುಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅವುಗಳಲ್ಲಿ ಬಹುಪಾಲಿನೊಳಗೆ ಇರುವುದು ಮೊಬೈಲಿನ ಆಂಡ್ರಾಯ್ಡಿಗೆ ಟೀವಿಯ ಅಂಗಿ ತೊಡಿಸಿದ್ದು, ಗೂಗಲ್ ಒಪ್ಪಿಗೆ ಕೊಟ್ಟ ಆಂಡ್ರಾಯ್ಡ್ ಟೀವಿ ಅಲ್ಲ. ಸಿನಿಮಾ ನಕಲಾಗದಂತೆ ಕಾಯುವ ವೈಡ್‌ವೈನ್ ಎಂಬ ಬೀಗದ ಎಲ್-1 ದರ್ಜೆ ಅವಕ್ಕೆ ಸಿಕ್ಕಿರುವುದಿಲ್ಲ. ಕೆಳದರ್ಜೆಯ ಎಲ್-3ರಲ್ಲಿ ನೆಟ್‌ಫ್ಲಿಕ್ಸ್‌ನಂಥವು 480ಪಿ ಚಿತ್ರ ಮಾತ್ರ ಕೊಡುತ್ತವೆ. 55 ಇಂಚಿನ ಟೀವಿಯಲ್ಲಿ ನಾಯಕ ಡಿಸೆಂಬರಿನ ಮಡಿಕೇರಿಯ ಮಂಜಿನಲ್ಲಿ ನಿಂತಂತೆ ಕಾಣುತ್ತಾನೆ. ಇದಕ್ಕಿಂತ ಕೆಟ್ಟದ್ದು, ಕೆಲವು ಡಬ್ಬಿಗಳು ಕಾರ್ಖಾನೆಯಿಂದಲೇ ಕಳ್ಳನನ್ನು ಹೊಟ್ಟೆಯಲ್ಲಿಟ್ಟುಕೊಂಡು ಬರುತ್ತವೆ. ಟಿ95 ಹೆಸರಿನ ಡಬ್ಬಿಗಳಲ್ಲಿ ಇಂಥ ತಂತ್ರಾಂಶ ಸಿಕ್ಕಿದ್ದು 2023ರಲ್ಲಿ ಸುದ್ದಿಯಾಯಿತು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಇಂಥದ್ದೇ ‘ಬ್ಯಾಡ್‌ಬಾಕ್ಸ್ 2.0’ ಜಾಲದ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿತು. ನೀವು ಮಲಗಿದ ಮೇಲೆ ನಿಮ್ಮ ನೆಟ್ಟಿನಲ್ಲಿ ಬೇರೆಯವರ ವ್ಯವಹಾರ. ಪ್ಲೇ ಸ್ಟೋರ್ ಸೆಟ್ಟಿಂಗ್ಸಿನಲ್ಲಿ ‘ಪ್ಲೇ ಪ್ರೊಟೆಕ್ಟ್ ಸರ್ಟಿಫೈಡ್’ ಎಂದು ಕಾಣದ ಡಬ್ಬಿಯನ್ನು ವಾಪಸ್ ಕಳಿಸಿ. ಅಡಾಪ್ಟರಿನ ಮೇಲೆ ಭಾರತದ ಗುಣಮಟ್ಟ ಸಂಸ್ಥೆ ಬಿಐಎಸ್‌ನ ‘ಆರ್’ ನಂಬರಿದೆಯೇ ಎಂದೂ ನೋಡಿ.

ಕನ್ಸೋಲ್ ಎಂದು ತೀರ್ಮಾನವಾದರೆ ಟೇಪು ಹಿಡಿಯಿರಿ. ಸೋನಿಯ ಪ್ಲೇಸ್ಟೇಷನ್ 5, ಅಂದರೆ ಪಿಎಸ್‌5, ಮೊದಲು ಬಂದದ್ದು 39 ಸೆಂಟಿಮೀಟರ್ ಎತ್ತರ, 26 ಆಳ, ನಾಲ್ಕೂವರೆ ಕಿಲೊ ತೂಕ. ಸ್ಲಿಮ್ ಎಂದು ಆಮೇಲೆ ಬಂದದ್ದರ ಆಳ 21.6. ಗೋಡೆಯಿಂದ 10 ಸೆಂಟಿಮೀಟರ್ ದೂರ ಇಡಿ ಎಂದು ಸೋನಿಯೇ ಹೇಳುತ್ತದೆ. ನಮ್ಮ ಆಚಾರರು ಮಾಡುವ ಶೋಕೇಸಿನ ಆಳ ಒಂದಡಿ, ಅಂದರೆ 30. ಕೂಡಿ ನೋಡಿ: ಸ್ಲಿಮ್ ಕೂಡ ಹಿಡಿಯುವುದಿಲ್ಲ. ಆದರೂ ಚನ್ನಪಟ್ಟಣದ ಗೊಂಬೆಗಳನ್ನು ಸರಿಸಿ ಅದನ್ನು ತುರುಕಿ, ಗಾಜಿನ ಬಾಗಿಲು ಮುಚ್ಚಿ, ಧೂಳಾಗದಿರಲಿ ಎಂದು ಮೇಲೊಂದು ಕ್ರೋಶಾ ಬಟ್ಟೆ ಹೊದಿಸುತ್ತಾರೆ. ಅದಕ್ಕೆ ಜ್ವರ ಬರುತ್ತದೆ. ಫ್ಯಾನು ವಿಮಾನದಂತೆ ಕೂಗಿ, ‘ಬಿಸಿ ಹೆಚ್ಚಾಗಿದೆ’ ಎಂದು ಬರೆದು, ಆರಿಹೋಗುತ್ತದೆ. ಎಕ್ಸ್‌ಬಾಕ್ಸ್ ಸಿರೀಸ್ ಎಸ್ ಆದರೆ 15 ಸೆಂಟಿಮೀಟರ್ ಆಳ, ಶೋಕೇಸಿಗೆ ಹೇಳಿ ಮಾಡಿಸಿದ್ದು, ಬಾಗಿಲು ಮಾತ್ರ ತೆಗೆದಿರಬೇಕು. ಅದರಲ್ಲಿ ಡಿಸ್ಕ್ ಹಾಕುವ ಬಾಯಿಯೇ ಇಲ್ಲ; ಸೆಕೆಂಡ್‌ಹ್ಯಾಂಡ್ ಡಿಸ್ಕು ಅಗ್ಗಕ್ಕೆ ಸಿಕ್ಕಿತೆಂದು ಮಾವ ತಂದುಕೊಟ್ಟರೆ ಕಾಫಿ ಲೋಟದ ಕೆಳಗಿಡಬಹುದು. 512 ಜಿಬಿಯ ಮಾದರಿಯಲ್ಲಿ ಕೈಗೆ ಸಿಗುವುದು 364. ದೊಡ್ಡ ಗೇಮೊಂದು 100 ಜಿಬಿ ಇದ್ದರೆ, 100 ಎಂಬಿಪಿಎಸ್ ಪೂರ್ತಿ ಸಿಕ್ಕರೂ ಇಳಿಯಲು ಎರಡು ಗಂಟೆ ಕಾಲು ಬೇಕು. ಹುಟ್ಟುಹಬ್ಬದ ಹಿಂದಿನ ರಾತ್ರಿಯೇ ಇಳಿಸಿಡಿ. ಕೇಕು ಕತ್ತರಿಸಿದ ಮೇಲೆ ಶೇಕಡಾ 4 ಎಂದು ತೋರಿಸಿದರೆ ಮಗುವಿಗೆ ಗಣಿತ ಅರ್ಥವಾಗುವುದಿಲ್ಲ.

ಕನ್ಸೋಲಿನಲ್ಲೇ ಸಿನಿಮಾನೂ ನೋಡಬಹುದಲ್ಲ ಎಂಬ ಪ್ರಶ್ನೆ ಬರುತ್ತದೆ. ನೋಡಬಹುದು. ಸ್ಟಿಕ್ 5 ವಾಟ್ ಒಳಗೆ ಮುಗಿಸುವ ಕೆಲಸಕ್ಕೆ ಅದು ಹತ್ತು ಪಟ್ಟು ಕರೆಂಟು ಕುಡಿಯುತ್ತದೆ, ಒಂದು ಲೋಟ ಕಾಫಿಗೆ ಬಚ್ಚಲ ಹಂಡೆಗೆ ಉರಿ ಹಾಕಿದ ಹಾಗೆ. ಪಿಎಸ್‌5ರಲ್ಲಿ ಬಣ್ಣ, ಬೆಳಕು ಎತ್ತಿ ತೋರಿಸುವ ಡಾಲ್ಬಿ ವಿಷನ್ ಕೂಡ ಇಲ್ಲ. ನನ್ನ ಮಟ್ಟಿಗೆ ಎರಡು ಡಬ್ಬಿಯೇ ಸರಿ: ನೋಡಲು ಸ್ಟಿಕ್, ಆಡಲು ಕನ್ಸೋಲ್. ಆದರೆ ಹಾಗೆಂದು ಹೊರಟರೆ ಮತ್ತೆ ಬೆನ್ನಿಗೇ ಬರುತ್ತೇವೆ: ಸೆಟ್‌ಟಾಪ್ ಬಾಕ್ಸ್, ಸೌಂಡ್‌ಬಾರ್, ಸ್ಟಿಕ್, ಕನ್ಸೋಲ್ ಸೇರಿ ನಾಲ್ಕು ಜನ, ಪೋರ್ಟು ಮೂರು. ಒಂದೇ ಪೋರ್ಟಿಗೆ ಹಲವು ಡಬ್ಬಿ ಜೋಡಿಸುವ ಎಚ್‌ಡಿಎಂಐ ಸ್ವಿಚ್ ತಂದರೆ ಅದಕ್ಕೆ ಸೆಟ್‌ಟಾಪ್ ಬಾಕ್ಸನ್ನೂ ಸ್ಟಿಕ್ಕನ್ನೂ ಹಾಕಿ; ಕನ್ಸೋಲನ್ನು ನೇರ ಟೀವಿಗೇ ಕೊಡಿ. ಸ್ವಿಚ್ಚಿನ ಪೆಟ್ಟಿಗೆಯ ಮೇಲೆ 18 ಗಿಗಾಬಿಟ್, ನಕಲು ತಡೆಯುವ ಬೀಗವಾದ ಎಚ್‌ಡಿಸಿಪಿ 2.2 ಎಂಬ ಎರಡೂ ಇರಲಿ. ಎರಡನೆಯದು ಇಲ್ಲದಿದ್ದರೆ ಫೋರ್‌ಕೆ ಸಿನಿಮಾ ಬರುವುದಿಲ್ಲ.

ಜೋಡಿಸಿದ್ದಾಯಿತು, ಚಿತ್ರ ಮಾತ್ರ ಸಪ್ಪೆ. ಟೀವಿಯಲ್ಲಿ ಪೋರ್ಟಿನ ಪೂರ್ತಿ ಶಕ್ತಿಯನ್ನು ಬಿಡಿಸುವ ಸೆಟ್ಟಿಂಗೊಂದು ಮುಚ್ಚಿರಬಹುದು. ಸ್ಯಾಮ್‌ಸಂಗಿನಲ್ಲಿ ಅದು ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಎಚ್‌ಡಿಎಂಐ ಡೀಪ್ ಕಲರ್’, ಸೋನಿಯಲ್ಲಿ ಸಿಗ್ನಲ್ ಫಾರ್ಮ್ಯಾಟನ್ನು ‘ಎನ್‌ಹ್ಯಾನ್ಸ್‌ಡ್’ ಮಾಡಬೇಕು. ಕನ್ಸೋಲಿನ ಪೋರ್ಟಿಗೆ ಗೇಮ್ ಮೋಡ್ ಹಾಕಿ. ಇಲ್ಲದಿದ್ದರೆ ಟೀವಿ ಪ್ರತಿ ಚಿತ್ರಕ್ಕೂ ಪೌಡರು, ಕಾಡಿಗೆ ಹಚ್ಚಿ ಕಳಿಸುತ್ತದೆ. ಅಷ್ಟರಲ್ಲಿ ಬ್ಯಾಟು ಬೀಸಿದ್ದು ತಡವಾಗಿ ಸ್ಟಂಪು ಹಾರಿರುತ್ತದೆ. ತಪ್ಪು ಕೈಯದ್ದೆಂದು ಮಗನಿಗೆ ಬೈಗುಳ.

ಸಿಇಸಿ ಎಂಬ ಸೌಲಭ್ಯದಿಂದ ಒಂದು ರಿಮೋಟಿನಲ್ಲಿ ಎಲ್ಲವನ್ನೂ ಆಳಬಹುದು. ಹಾಗೆಯೇ ಎಲ್ಲವೂ ಒಂದನ್ನೊಂದು ಆಳಬಹುದು. ಸೋಫಾ ಮೇಲೆ ಬಿದ್ದಿದ್ದ ಕಂಟ್ರೋಲರಿನ ಗುಂಡಿಯ ಮೇಲೆ ರಾತ್ರಿ ಎರಡಕ್ಕೆ ಬೆಕ್ಕು ಕೂತರೆ ಕನ್ಸೋಲ್ ಏಳುತ್ತದೆ, ಅದು ಟೀವಿಯನ್ನು ಎಬ್ಬಿಸುತ್ತದೆ, ಟೀವಿ ಸೌಂಡ್‌ಬಾರನ್ನು ಎಬ್ಬಿಸುತ್ತದೆ, ಮೂವರೂ ಸೇರಿ ಮನೆಯನ್ನು ಎಬ್ಬಿಸುತ್ತಾರೆ. ಪಿಎಸ್‌5ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಎಚ್‌ಡಿಎಂಐ ಒಳಗೆ ಹೋಗಿ ‘ಒನ್-ಟಚ್ ಪ್ಲೇ’ ಆಫ್ ಮಾಡಿ.

ಬೆನ್ನು ನೋಡಬೇಕಾದದ್ದು ಇನ್ನೊಂದಿದೆ, ಯುಪಿಎಸ್‌ನದು. ಎಷ್ಟೋ ಮನೆ ಇನ್ವರ್ಟರುಗಳ ಹಿಂದೆ ‘ಯುಪಿಎಸ್/ಇಕೋ’ ಎಂಬ ಪುಟ್ಟ ಸ್ವಿಚ್ಚಿರುತ್ತದೆ. ಇಕೋದಲ್ಲಿ ಕರೆಂಟು ಬದಲಾಗಲು ತಡವಾಗಿ ಕನ್ಸೋಲ್ ಆರಿ ಮತ್ತೆ ಶುರುವಾಗಬಹುದು. ಯುಪಿಎಸ್ ಕಡೆಗೆ ಒತ್ತಿ.

ಇಷ್ಟೆಲ್ಲ ಸರಿಹೋದ ಮೇಲೂ ನೆಟ್ಟಿನ ಯಾವ ಡಬ್ಬಿಯಿಂದಲೂ ಆಗದ ಒಂದು ಕೆಲಸವಿದೆ: ಮ್ಯಾಚನ್ನು ನಡೆದ ಕ್ಷಣಕ್ಕೇ ತೋರಿಸುವುದು. ಸ್ಟ್ರೀಮಿಂಗಿನಲ್ಲಿ ಮ್ಯಾಚು ಕೆಲವು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಹಲವು ದರ್ಜೆಯಲ್ಲಿ ತಯಾರಾಗಿ ಬರುತ್ತದೆ. ನಿಮ್ಮ ಡಬ್ಬಿ ಅಂಥ ಒಂದಷ್ಟು ತುಂಡನ್ನು ಕೂಡಿಟ್ಟುಕೊಂಡ ಮೇಲೆಯೇ ತೋರಿಸುವುದು. ಹೀಗಾಗಿ ಸುಮಾರು ಅರ್ಧ ನಿಮಿಷ ಹಿಂದೆ. ಪಕ್ಕದ ಮನೆಯ ಡಿಶ್‌ಗೆ ಸಿಗ್ನಲ್ಲು 36,000 ಕಿಲೋಮೀಟರ್ ಮೇಲೆ ಹತ್ತಿ ಇಳಿದು ಬಂದರೂ ನಿಮಗಿಂತ ಮೊದಲೇ ತಲುಪಿರುತ್ತದೆ. ಆರ್‌ಸಿಬಿಗೆ ಕೊನೆಯ ಬಾಲಿನಲ್ಲಿ ನಾಲ್ಕು ರನ್ ಬೇಕು, ಬೌಲರ್ ಇನ್ನೂ ಓಡಿ ಬಂದಿಲ್ಲ, ಗೋಡೆಯಾಚೆಯಿಂದ ‘ಅಯ್ಯೋ!’ ಕೇಳಿಸುತ್ತದೆ. ಆ ಒಂದು ಸಂಜೆಗೆ ಎಚ್‌ಡಿಎಂಐ ಒಂದಕ್ಕೆ, ಹಳೆಯ ಸೆಟ್‌ಟಾಪ್ ಬಾಕ್ಸಿಗೆ ಹೋಗಿ. ರೀಚಾರ್ಜ್ ಮಾಡಿಸಿಲ್ಲವಾದರೆ ಕಿಟಕಿ ಹಾಕಿಕೊಳ್ಳಿ, ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪನ್ನು ಮ್ಯೂಟ್ ಮಾಡಿ, ಮಹಡಿ ಮೇಲಿನವರ ಕಾಲ್ಸಪ್ಪಳಕ್ಕೆ ಅರ್ಥ ಹುಡುಕಬೇಡಿ.