ಮಾನ್ಯ ಪತ್ನಿಯವರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ

ಹಿಂದಿನವರು ಹೆಂಡತಿಗೆ ಕಾಗದ ಬರೆದರೆ "ಉಭಯಕುಶಲೋಪರಿ ಸಾಂಪ್ರತ" ಎಂದು ಶುರುಮಾಡುತ್ತಿದ್ದರು. ಮದುವೆಯಾದ ಮೇಲೆ ಪಿಎಚ್.ಡಿ.ಗೆ ಸೇರಿದ ಗಂಡನಿಗೆ ಅದು ಬರುವುದಿಲ್ಲ. ಎರಡು ವರ್ಷ ಆಡಳಿತ ಕಚೇರಿಯ ಮೆಟ್ಟಿಲು ಹತ್ತಿ ಇಳಿದವನ ಕೈ ತಾನಾಗಿಯೇ 'ವಿಷಯ' ಎಂದು ಬರೆದು, ಅದರ ಕೆಳಗೆ 'ಉಲ್ಲೇಖ' ಎಂದು ಗೀಚುತ್ತದೆ. ಊರಲ್ಲಿ ಕೂತ ಹೆಂಡತಿ ಗಾಬರಿಯಾಗಬಾರದಲ್ಲ, ಅದಕ್ಕೆ ಒಂದು ಮಾದರಿ ಪತ್ರ, ಟೀಕೆ ಸಮೇತ:

"ವಿಷಯ: ಈ ತಿಂಗಳೂ ದುಡ್ಡು ಕಳಿಸಲಾಗದ ಬಗ್ಗೆ.
ಉಲ್ಲೇಖ: ನಿನ್ನೆ ರಾತ್ರಿಯ ನಿನ್ನ ಮೂರು ಮಿಸ್ಡ್ ಕಾಲ್.
ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಫೆಲೋಶಿಪ್ ಮೇಕರ್ ಹತ್ತಿರ ಆಗಿದೆ, ಚೆಕರ್ ಹತ್ತಿರ ಆಗಿಲ್ಲ ಎಂದು ತಿಳಿಸಲು ವಿಷಾದಿಸುತ್ತೇನೆ."

ಟೀಕೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಪಿಎಚ್.ಡಿ. ಮಾಡುವವರಿಗೆ ಕೊಡುವ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) 2023ರ ಜನವರಿ 1ರಿಂದ ತಿಂಗಳಿಗೆ 37,000 ರೂಪಾಯಿ. ಮಾವನವರು ಈ ಅಂಕಿಯನ್ನು ನೆಂಟರಿಷ್ಟರಿಗೆಲ್ಲ ಆಗಲೇ ಮುಟ್ಟಿಸಿದ್ದಾರೆ. ಅವರು ಹೇಳದೆ ಬಿಟ್ಟಿದ್ದು ಇಷ್ಟೇ: ಅದು ತಿಂಗಳ ಲೆಕ್ಕದ ದುಡ್ಡು, ತಿಂಗಳು ತಿಂಗಳು ಬರಲೇಬೇಕೆಂದೇನೂ ಇಲ್ಲ. ಗಂಡ ಈ ತಿಂಗಳೂ ಸಂಶೋಧನೆ ಮಾಡುತ್ತಿದ್ದಾನೆಂದು ವಿಶ್ವವಿದ್ಯಾಲಯ ಪೋರ್ಟಲ್‌ನಲ್ಲಿ ದೃಢೀಕರಿಸಬೇಕು. ಒಬ್ಬರು ನಮೂದಿಸುತ್ತಾರೆ, ಅವರು ಮೇಕರ್. ಇನ್ನೊಬ್ಬರು ಒಪ್ಪಿಗೆ ಒತ್ತುತ್ತಾರೆ, ಅವರು ಚೆಕರ್. ಮೇಕರ್ ಮಗಳ ಮದುವೆಗೆ ರಜೆ ಹಾಕಿದರೆ, ಅಥವಾ ಚೆಕರ್ ವರ್ಗವಾಗಿ ಒಟಿಪಿ ಅವರ ಫೋನಿನ ಜೊತೆಗೇ ಊರು ಬಿಟ್ಟರೆ, ದಾಖಲೆಯ ಪ್ರಕಾರ ಗಂಡ ಆ ತಿಂಗಳು ಇರಲೇ ಇಲ್ಲ. ಮೆಸ್ಸಿನವನ ಬಾಕಿ ಪುಸ್ತಕದಲ್ಲಿ ಮಾತ್ರ ಒಂದು ಹೊತ್ತೂ ತಪ್ಪದೆ ಇದ್ದಾನೆ.

"ನೀನು ಕೇಳಿದ ಮನೆಯ ವಿಚಾರ ಪರಿಶೀಲನೆಯಲ್ಲಿದೆ."

ಇದನ್ನು ಮಾತ್ರ ನಿಧಾನಕ್ಕೆ ಓದಬೇಕು. ಹಾಸ್ಟೆಲ್ ಸಿಗದ ಫೆಲೋಗೆ ಮನೆ ಬಾಡಿಗೆ ಭತ್ಯೆ ಉಂಟು. ಹಾಸ್ಟೆಲ್ ಕೊಟ್ಟರೂ ಒಲ್ಲೆ ಎಂದವನಿಗೆ ಇಲ್ಲ. ಹಾಸ್ಟೆಲ್‌ನಲ್ಲಿ ರೂಮು ಖಾಲಿ ಇದೆ, ಕೊಡಲು ವಾರ್ಡನ್ ಸಿದ್ಧರಿದ್ದಾರೆ, ಹೆಂಡತಿಯನ್ನು ಮಾತ್ರ ಒಳಗೆ ಬಿಡುವುದಿಲ್ಲ. ಹೆಂಡತಿ ಜೊತೆಗಿರಲೆಂದು ಹೊರಗೆ ಮನೆ ಮಾಡಿದರೆ, ಹಾಸ್ಟೆಲ್ ಬೇಡವೆಂದವನು ನೀನೇ ಎಂದು ಭತ್ಯೆಗೆ ಕೊಕ್ಕೆ. ಭತ್ಯೆ ಬೇಕಾದರೆ 'ರೂಮು ಖಾಲಿ ಇಲ್ಲ' ಎಂಬ ಪ್ರಮಾಣಪತ್ರ ತರಬೇಕು. ಅದನ್ನು ಬರೆದುಕೊಡಬೇಕಾದವರು, ಖಾಲಿ ರೂಮಿನ ಬೀಗದ ಕೈ ಬೆರಳಲ್ಲಿ ತಿರುಗಿಸುತ್ತಾ ಕೂತಿರುವ ಅದೇ ವಾರ್ಡನ್. ಹೀಗಾಗಿ ಗಂಡ ಸಂಸಾರಿಯೂ ಹೌದು, ಕಾಗದದಲ್ಲಿ ಬ್ರಹ್ಮಚಾರಿಯೂ ಹೌದು. ಎರಡೂ ಆಶ್ರಮ ಒಟ್ಟಿಗೆ ನಡೆಸುವ ವಿದ್ಯೆ ನಮ್ಮ ಪೂರ್ವಿಕರಿಗೂ ಹೊಳೆದಿರಲಿಲ್ಲ.

"ಕುಕ್ಕರಿನ ಗ್ಯಾಸ್ಕೆಟ್ ಕಂಟಿಂಜೆನ್ಸಿಯಲ್ಲಿ ಬರುವುದಿಲ್ಲ."

ಬರುವುದಿಲ್ಲ, ನಿಜ. ಕಂಟಿಂಜೆನ್ಸಿ ಎಂದರೆ ಫೆಲೋಶಿಪ್ ಜೊತೆಗೆ ಸಂಶೋಧನೆಯ ಚಿಲ್ಲರೆ ಖರ್ಚಿಗೆ ಕೊಡುವ ದುಡ್ಡು. ಮಾನವಿಕ ವಿಷಯದವರಿಗೆ ಮೊದಲ ಎರಡು ವರ್ಷ ವರ್ಷಕ್ಕೆ 10,000 ರೂಪಾಯಿ, ಆಮೇಲೆ 20,500. ಅದು ಪುಸ್ತಕ, ಜೆರಾಕ್ಸು, ಕ್ಷೇತ್ರಕಾರ್ಯದ ಓಡಾಟಕ್ಕೆ. ಮೊದಲು ಕೈಯಿಂದ ಖರ್ಚು ಮಾಡಿ ಆಮೇಲೆ ಬಿಲ್ಲು ಹಚ್ಚಬೇಕು. ಬಸ್ ಟಿಕೆಟ್ಟುಗಳನ್ನು ಎ4 ಹಾಳೆಗೆ ಅಂಟಿಸಿ ಪ್ರತಿಯೊಂದರ ಮೇಲೂ ಅರ್ಧ ಸಹಿ. ಟಿಕೆಟ್ಟಿನ ಶಾಯಿ ಮೂರು ತಿಂಗಳಿಗೆ ಅಳಿಸಿಹೋಗುತ್ತದೆ, ಕಡತ ಲೆಕ್ಕಪತ್ರ ವಿಭಾಗ ತಲುಪುವುದು ನಾಲ್ಕನೇ ತಿಂಗಳು. ತಿಳಿದವರು ಮೊದಲೇ ಜೆರಾಕ್ಸ್ ತೆಗೆದಿಡುತ್ತಾರೆ. ಆ ಜೆರಾಕ್ಸಿಗೂ ಬಿಲ್ಲು ಬೇಕು.

"ಹಬ್ಬಕ್ಕೆ ಬರುವ ಬಗ್ಗೆ ಮಾರ್ಗದರ್ಶಕರ ಮುಖಾಂತರ ಅರ್ಜಿ ಸಲ್ಲಿಸಿದ್ದೇನೆ."

ಸಾರ್ವಜನಿಕ ರಜೆ ಬಿಟ್ಟರೆ ಫೆಲೋಗೆ ವರ್ಷಕ್ಕೆ ಹೆಚ್ಚೆಂದರೆ 30 ದಿನ ರಜೆ. ಬೇಸಿಗೆ ರಜೆ, ದಸರಾ ರಜೆ ಎಲ್ಲ ಎಂ.ಎ. ಹುಡುಗರಿಗೆ. ಗೌರಿ ಹಬ್ಬ, ಮೈದುನನ ಮದುವೆ, ಅತ್ತೆಯ ಕಣ್ಣಿನ ಆಪರೇಷನ್ ಎಲ್ಲ ಇಷ್ಟರಲ್ಲೇ ಹೊಂದಿಸಬೇಕು. ಎರಡು ವರ್ಷ ಮುಗಿದ ಮೇಲೆ ಹೊರಗಿನ ತಜ್ಞರೊಬ್ಬರೂ ಸೇರಿದ ಮೂವರ ಸಮಿತಿ ಕೂತು ಮೆಚ್ಚಿದರೆ ಹಿರಿಯ ಫೆಲೋಶಿಪ್ (ಎಸ್‌ಆರ್‌ಎಫ್), ತಿಂಗಳಿಗೆ 42,000 ರೂಪಾಯಿ. ಮೂವರಿಗೂ ಬಿಡುವಿರುವ ಒಂದು ದಿನ ಪಂಚಾಂಗದಲ್ಲಿ ಸಿಗುವವರೆಗೆ ಹಳೇ ದರವೇ. ಫೆಲೋಶಿಪ್ ಒಟ್ಟು ಐದು ವರ್ಷಕ್ಕೆ ಮುಗಿಯುತ್ತದೆ, ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ. ಆರು ವರ್ಷ ಎಳೆಯಬಹುದು. ಆ ಆರನೇ ವರ್ಷ ಮನೆ ನಡೆಸುವುದು ಹೆಂಡತಿಯ ಸಂಬಳ. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಅವಳ ಹೆಸರು ಕೊನೆಯಿಂದ ಎರಡನೇ ಸಾಲು, ಡಿಟಿಪಿ ಮಾಡಿದವರ ಮೇಲೆ.

ಈ ಪತ್ರಕ್ಕೆ ಮನೆಯಿಂದ ಉತ್ತರವೂ ನಮೂನೆಯಲ್ಲೇ ಬಂತು:

"ರೀ, ನಿಮ್ಮ ಅರ್ಜಿ ತಲುಪಿತು. ಯಾವಾಗ ಬರ್ತೀರಿ ಅಂತ ಎಲ್ಲೂ ಬರೆದಿಲ್ಲದ ಕಾರಣ ಹಿಂತಿರುಗಿಸಿದೆ. ಲಗತ್ತು: ಹಾಲಿನವನ ಚೀಟಿ, ಎರಡು ತಿಂಗಳದ್ದು. ಯಥಾಪ್ರತಿ: ನಮ್ಮ ಅಪ್ಪನಿಗೆ."